ಸಮ್ಮತಿಯೂ ಅಧೀನತೆಯೂ: ನಾಲ್ವರು ನ್ಯಾಯಾಧ್ಯಾಪಕರ ಪತ್ರ

ದಂಡವಿಧಿಯಲ್ಲಿ ಬರುವ ಪದಗಳ ಅರ್ಥವನ್ನು ಶಿಷ್ಯರಿಗೆ ತಿಳಿಸುವುದು ಅಧ್ಯಾಪಕರ ಕಾರ್ಯ. ಆ ಪದಗಳನ್ನನುಸರಿಸಿ ದಂಡ್ಯಾದಂಡ್ಯರನ್ನು ನಿರ್ಣಯಿಸುವುದು ನ್ಯಾಯಾಧೀಶರ ಕಾರ್ಯ. ಪದಾರ್ಥವು ಕೆಟ್ಟರೆ ನಿರ್ಣಯವೂ ಕೆಡುವುದು. 1979ನೆಯ ಸೆಪ್ಟೆಂಬರ್ 16ರಂದು ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ಭಾರತದ ಮುಖ್ಯ ನ್ಯಾಯಾಧೀಶರಿಗೆ ಬರೆದ ಬಹಿರಂಗ ಪತ್ರವು ಇದಕ್ಕೆ ನಿದರ್ಶನವಾಗಿದೆ.

ಆ ಪತ್ರಕ್ಕೆ ಕಾರಣವಾದ ವೃತ್ತಾಂತವಿದು. 1972ನೆಯ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಕೂಲಿಯಿಂದ ಜೀವಿಸುತ್ತಿದ್ದ ಗಿರಿಜನ ಬಾಲಿಕೆಯೊಬ್ಬಳನ್ನು ಮಾತ್ರ ನಿಲ್ಲಿಸಿಕೊಂಡು ಅವಳ ಬಂಧುಗಳನ್ನು ಹೊರಗೆ ಕಳುಹಿಸಲಾಯಿತು. ಅಲ್ಲಿ ತನ್ನ ಮೇಲೆ ಅತ್ಯಾಚಾರವಾಯಿತೆಂದು ಅವಳು ದೂರಿತ್ತಳು. ಸೆಷನ್ಸ್ ನ್ಯಾಯಾಲಯವು 1974ರಲ್ಲಿ ಇಬ್ಬರು ಪೊಲೀಸರನ್ನೂ ಬಿಡುಗಡೆ ಮಾಡಿತು. ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 1976ರಲ್ಲಿ ಆ ತೀರ್ಪನ್ನು ತಿರುಗಿಸಿ ಒಬ್ಬನಿಗೆ 5 ವರ್ಷ, ಮತ್ತೊಬ್ಬನಿಗೆ 1 ವರ್ಷ ಕಾರಾಗೃಹವಾಸವನ್ನು ವಿಧಿಸಿತು. ಸರ್ವೋಚ್ಚ ನ್ಯಾಯಾಲಯವಾದರೋ 1978ನೆಯ ಸೆಪ್ಟೆಂಬರ್ 15ರಂದು ಇಬ್ಬರನ್ನೂ ನಿರ್ದೋಷಿಗಳೆಂದಿತು. ದೇಹದಲ್ಲಿ ಗಾಯವಿಲ್ಲ, ಪ್ರತಿಭಟನೆಯ ಚಿಹ್ನೆಯಿಲ್ಲ ಎಂಬುದು ಅದರ ಮುಖ್ಯ ಹೇತು.

ಈ ಹೇತುವನ್ನೇ ಅಧ್ಯಾಪಕರು ಪರೀಕ್ಷಿಸಿದರು. ಸಮ್ಮತಿಯಿದ್ದಲ್ಲಿ ಅಧೀನತೆಯುಂಟು; ಆದರೆ ಅಧೀನತೆಯಿದ್ದಲ್ಲೆಲ್ಲ ಸಮ್ಮತಿಯಿರಬೇಕೆಂಬ ನಿಯಮವಿಲ್ಲ ಎಂಬುದು ಅವರ ವಾದದ ತಿರುಳು. ತರ್ಕವನ್ನೋದಿದವರಿಗೆ ಇದು ಪರಿಚಿತವಾದ ಮಾರ್ಗವೇ. ಧೂಮವಿದ್ದಲ್ಲಿ ಅಗ್ನಿಯುಂಟೆಂಬ ವ್ಯಾಪ್ತಿಯು ನಿರ್ದುಷ್ಟವಾದುದು. ಅದನ್ನು ತಿರುಗಿಸಿ ಅಗ್ನಿಯಿದ್ದಲ್ಲೆಲ್ಲ ಧೂಮವುಂಟೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ವ್ಯಭಿಚಾರವು ಬರುವುದು. ರಾತ್ರಿವೇಳೆ, ಠಾಣೆಯೊಳಗೆ, ಅಧಿಕಾರಿಗಳ ವಶದಲ್ಲಿದ್ದ ಬಾಲಿಕೆಯ ಮೌನವು ಅಂತಹ ಸ್ಥಲವಲ್ಲದೆ ಮತ್ತೇನು?

ದೋಷವು ನ್ಯಾಯಾಧೀಶರದು ಮಾತ್ರವಾಗಿರಲಿಲ್ಲ. 1860ರ ದಂಡಸಂಹಿತೆಯು ಸಮ್ಮತಿಯನ್ನು ನಿಷೇಧಮುಖದಿಂದಲೇ ಹೇಳಿತ್ತು: ಹಾನಿಯ ಭಯದಿಂದಲೋ ಭ್ರಾಂತಿಯಿಂದಲೋ ಕೊಟ್ಟದ್ದು ಸಮ್ಮತಿಯಲ್ಲ ಎಂದು. ಸಮ್ಮತಿಯೆಂದರೆ ಏನೆಂಬುದನ್ನು ವಿಧಿಮುಖದಿಂದ ಹೇಳಿರಲಿಲ್ಲ. ಆ ಅವಕಾಶದಲ್ಲಿ ಊಹೆಗಳು ಪ್ರವೇಶಿಸಿದವು.

ಪತ್ರವು ಪ್ರಕಟವಾದ ಮೇಲೆ ಹಲವು ನಗರಗಳಲ್ಲಿ ಮಹಿಳಾಸಂಘಗಳು ಚಳವಳಿ ಹೂಡಿದವು. 1980ರಲ್ಲಿ ನ್ಯಾಯ ಆಯೋಗವು ತನ್ನ 84ನೆಯ ವರದಿಯಲ್ಲಿ ಈ ವಿಷಯವನ್ನು ವಿಚಾರಿಸಿತು. 1983ರ 43ನೆಯ ಅಧಿನಿಯಮವು ಪೊಲೀಸರೇ ಮೊದಲಾದವರ ವಶದಲ್ಲಿದ್ದ ಸ್ತ್ರೀಯು ತಾನು ಸಮ್ಮತಿಸಲಿಲ್ಲವೆಂದು ಸಾಕ್ಷ್ಯ ನುಡಿದರೆ, ಸಂಸರ್ಗವು ಸಿದ್ಧವಾದ ಪಕ್ಷದಲ್ಲಿ, ಸಮ್ಮತಿಯಿರಲಿಲ್ಲವೆಂದೇ ನ್ಯಾಯಾಲಯವು ಭಾವಿಸಬೇಕೆಂದು ವಿಧಿಸಿತು. ವಿಧಿಮುಖವಾದ ಲಕ್ಷಣವು ಬಂದುದು 2013ರಲ್ಲಿ: ಮಾತಿನಿಂದಲೋ ಇಂಗಿತದಿಂದಲೋ ನಿಸ್ಸಂದಿಗ್ಧವಾಗಿ, ಸ್ವೇಚ್ಛೆಯಿಂದ ತಿಳಿಸಿದ ಒಪ್ಪಿಗೆಯೇ ಸಮ್ಮತಿ, ದೇಹದಿಂದ ಪ್ರತಿಭಟಿಸಲಿಲ್ಲವೆಂಬ ಮಾತ್ರದಿಂದ ಸಮ್ಮತಿಯು ಸಿದ್ಧಿಸದು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 63ನೆಯ ಪ್ರಕರಣದಲ್ಲಿಯೂ ಈ ಲಕ್ಷಣವು ಉಳಿದುಬಂದಿದೆ.

ಹೀಗೆ ಅಧ್ಯಾಪಕರು ತೋರಿಸಿದ ಭೇದವು ಶಾಸನದಲ್ಲಿ ನೆಲೆಗೊಳ್ಳಲು 34 ವರ್ಷಗಳು ಹಿಡಿದವು. ಪತ್ರದಿಂದ ಆ ಬಾಲಿಕೆಗೆ ದೊರೆತುದೇನು ಎಂದರೆ, 1978ರ ಬಿಡುಗಡೆಯು ಹಾಗೆಯೇ ನಿಂತಿತು. ಲಕ್ಷಣವು ಲಕ್ಷ್ಯಕ್ಕಿಂತ ತಡವಾಗಿ ಬಂದರೆ ಅದರ ಪ್ರಯೋಜನವು ಮುಂದಿನವರಿಗೆ ಮಾತ್ರ. ಪದದ ಅರ್ಥವನ್ನು ಮೊದಲೇ ಶೋಧಿಸುವ ಭಾರವು ಬೋಧಕರ ಮೇಲೆ ಎಷ್ಟು ದೊಡ್ಡದೆಂಬುದು ಇದರಿಂದ ವಿದಿತವಾಗುವುದು.