ರ‍್ಯಾಬ್-5ಎ: ಬ್ಯಾಕ್ಟೀರಿಯಾದಲ್ಲಿ ಬೆಳೆದ ಮಾನವ ಪ್ರೋಟೀನ್

ಜೀವಕೋಶ ತನ್ನ ಹೊರಪೊರೆಯನ್ನು ಸದಾ ಒಳಕ್ಕೆ ಚಿವುಟಿಕೊಳ್ಳುತ್ತಲೇ ಇರುತ್ತದೆ. ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್, ಕೊಲೆಸ್ಟ್ರಾಲ್ ತುಂಬಿದ ಎಲ್‌ಡಿಎಲ್ ಕಣ ಮುಂತಾದವು ಒಳಬರುವುದು ಹೀಗೆ ಹುಟ್ಟಿದ ಪುಟ್ಟ ಪೊರೆಚೀಲಗಳಲ್ಲಿ. ಅವು ಮೊದಲು ಸೇರುವ ತಾಣ ಆದಿ ಎಂಡೋಸೋಮ್. ಯಾವುದು ಮೇಲ್ಮೈಗೆ ವಾಪಸ್ಸು ಹೋಗಬೇಕು, ಯಾವುದು ಲೈಸೋಸೋಮಿನಲ್ಲಿ ಜೀರ್ಣವಾಗಬೇಕು ಎಂಬ ವಿಂಗಡಣೆ ಅಲ್ಲಿ ನಡೆಯುತ್ತದೆ. ಆ ತಾಣದ ಉಸ್ತುವಾರಿ ರ‍್ಯಾಬ್-5ಎ ಎಂಬ ಪ್ರೋಟೀನಿನದು. ಅದರಲ್ಲಿರುವುದು 215 ಅಮೈನೋ ಆಮ್ಲಗಳು. ತೂಕ ಸುಮಾರು 24 ಕಿಲೋಡಾಲ್ಟನ್.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಬಳಸುವುದು ಇದರ ಮರುಸಂಯೋಜಿತ ರೂಪವನ್ನು, ಅಂದರೆ ಮನುಷ್ಯನ ವಂಶವಾಹಿಯನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸಿದ್ದನ್ನು. ಟ್ಯೂಬಿನ ಮೇಲೆ ‘ಮಾನವ’ ಎಂದೇ ಬರೆದಿರುತ್ತದೆ. ಆದರೂ ನಮ್ಮ ಕೋಶದೊಳಗಿನ ರ‍್ಯಾಬ್-5ಎಗೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ.

ಸ್ವಿಚ್ಚಿನ ಕೆಲಸ

ಮನುಷ್ಯನಲ್ಲಿ 60ಕ್ಕೂ ಹೆಚ್ಚು ರ‍್ಯಾಬ್ ಪ್ರೋಟೀನುಗಳಿವೆ. ಒಂದೊಂದಕ್ಕೂ ಕೋಶದೊಳಗೆ ತನ್ನದೇ ವಿಳಾಸ. ರ‍್ಯಾಬ್-5 ಆದಿ ಎಂಡೋಸೋಮಿನಲ್ಲಿ, ರ‍್ಯಾಬ್-7 ಅದರ ಮುಂದಿನ ಹಂತದಲ್ಲಿ ಇರುತ್ತವೆಂದು 1990ರಲ್ಲಿ ಗುರುತಿಸಿದ್ದು ಹೈಡೆಲ್‌ಬರ್ಗಿನಲ್ಲಿ ಮರಿನೋ ಜೆರಿಯಲ್ ಮತ್ತು ಸಂಗಡಿಗರು.

ಸ್ವಿಚ್ಚಿನಂತೆ, ಜಿಡಿಪಿ ಎಂಬ ಪುಟ್ಟ ಅಣುವನ್ನು ಹಿಡಿದಿದ್ದಾಗ ರ‍್ಯಾಬ್-5ಎ ನಿಷ್ಕ್ರಿಯ. ಪೊರೆಯ ಮೇಲೆ ರ‍್ಯಾಬೆಕ್ಸ್-5 ಎಂಬ ಪ್ರೋಟೀನಿನ ನೆರವಿನಿಂದ ಜಿಡಿಪಿ ಬಿಟ್ಟು ಜಿಟಿಪಿ ಹಿಡಿದರೆ ಆಕಾರ ಬದಲಾಗಿ, ಇಇಎ1ನಂಥ ಸಹವರ್ತಿ ಪ್ರೋಟೀನುಗಳನ್ನು ಬರಮಾಡಿಕೊಳ್ಳುತ್ತದೆ. ಜಿಟಿಪಿ ಒಡೆದೊಡನೆ ಕೆಲಸ ನಿಲ್ಲುತ್ತದೆ. 79ನೇ ಸ್ಥಾನದ ಗ್ಲುಟಮಿನ್ ತೆಗೆದು ಲ್ಯೂಸಿನ್ ಇಟ್ಟರೆ ಈ ಒಡೆಯುವ ಶಕ್ತಿ ಕುಗ್ಗಿ, ಎಂಡೋಸೋಮುಗಳು ಒಂದಕ್ಕೊಂದು ಬೆಸೆದು ವಿಪರೀತ ಊದಿಕೊಳ್ಳುತ್ತವೆ. 34ನೇ ಸೆರಿನ್ ಜಾಗಕ್ಕೆ ಆಸ್ಪರಾಜಿನ್ ತಂದರೆ ಪರಿಣಾಮ ತದ್ವಿರುದ್ಧ. ಈ ಎರಡು ರೂಪಾಂತರಗಳನ್ನು ಜೊತೆಗಿಟ್ಟುಕೊಳ್ಳದೆ ರ‍್ಯಾಬ್-5ಎ ಮೇಲೆ ಕೆಲಸ ಮಾಡುವವರು ಕಡಿಮೆ.

ತಯಾರಿ

ಸಿಡಿಎನ್‌ಎಯನ್ನು ಪ್ಲಾಸ್ಮಿಡ್ಡಿಗೆ ಸೇರಿಸಿ, ತುದಿಗೊಂದು ಹಿಸ್ಟಿಡಿನ್ ಟ್ಯಾಗ್ ಅಥವಾ ಜಿಎಸ್‌ಟಿ ಅಂಟಿಸಿ, ಬಿಎಲ್21 ತಳಿಯ ಇ. ಕೋಲೈಗೆ ಹೊಗಿಸುತ್ತಾರೆ. ಕಲ್ಚರ್ ಸಾಕಷ್ಟು ಬೆಳೆದ ಮೇಲೆ ಪ್ರೋಟೀನ್ ತಯಾರಿಕೆ ಶುರುಮಾಡಿಸಲು ಐಪಿಟಿಜಿ ಹಾಕಿ, ಉಷ್ಣತೆಯನ್ನು 37ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿಸಿ ರಾತ್ರಿಯಿಡೀ ಶೇಕರಿನಲ್ಲಿ ಬಿಡುವುದು ವಾಡಿಕೆ. ಅವಸರ ಮಾಡಿದರೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಗಡ್ಡೆಗಟ್ಟುವ ಅಪಾಯವಿದೆ. ಮರುದಿನ ಸೆಂಟ್ರಿಫ್ಯೂಜ್, ಸೋನಿಕೇಟರ್, ಆಮೇಲೆ, ಹಿಸ್ಟಿಡಿನ್ ಟ್ಯಾಗ್ ಇದ್ದರೆ, ನಿಕಲ್ ಕಾಲಮ್. ಇಮಿಡಜೋಲ್ ಹರಿಸಿದರೆ ಪ್ರೋಟೀನ್ ಇಳಿದುಬರುತ್ತದೆ. ಜೆಲ್‌ಗೆ ಕುಮಾಸಿ ನೀಲಿ ಹಾಕಿದಾಗ 25 ಕಿಲೋಡಾಲ್ಟನ್ ಬಳಿ ಒಂದೇ ದಪ್ಪ ಪಟ್ಟಿ ಕಂಡರೆ ನೆಮ್ಮದಿ.

ಆ ನೆಮ್ಮದಿ ಅರ್ಧ ಮಾತ್ರ. ಪಟ್ಟಿ ಶುದ್ಧತೆಯನ್ನು ಹೇಳೀತು, ಸ್ವಿಚ್ ಯಾವ ಕಡೆಗಿದೆ ಎಂದು ಹೇಳದು. ಬ್ಯಾಕ್ಟೀರಿಯಾದಿಂದ ತೆಗೆದ ರ‍್ಯಾಬ್-5ಎ ಸಾಮಾನ್ಯವಾಗಿ ಜಿಡಿಪಿಯನ್ನು ಕಚ್ಚಿಕೊಂಡಿರುತ್ತದೆ. ಇಡಿಟಿಎ ಹಾಕಿ ಮೆಗ್ನೀಸಿಯಂ ಕಸಿದುಕೊಂಡು, ಸುಲಭಕ್ಕೆ ಒಡೆಯದ ಜಿಟಿಪಿ-ಗಾಮಾ-ಎಸ್ ಅನ್ನು ಧಾರಾಳವಾಗಿ ಕೊಟ್ಟು, ಮತ್ತೆ ಮೆಗ್ನೀಸಿಯಂ ಸೇರಿಸಬೇಕು. ಈ ಹೆಜ್ಜೆ ಬಿಟ್ಟು ‘ಇಇಎ1 ಅಂಟಲೇ ಇಲ್ಲ’ ಎಂದರೆ ಅದು ಪ್ರೋಟೀನಿನ ತಪ್ಪಲ್ಲ. ತಯಾರಾದದ್ದನ್ನು ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡುತ್ತಾರೆ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಹಾಳು.

ಇಲ್ಲದ ಬಾಲ

ಇನ್ನು ಮೊದಲೇ ಹೇಳಿದ ಆ ದೊಡ್ಡ ವ್ಯತ್ಯಾಸ. ನಮ್ಮ ಕೋಶಗಳಲ್ಲಿ ರ‍್ಯಾಬ್-5ಎ ಬಾಲದ ಎರಡು ಸಿಸ್ಟೀನ್‌ಗಳಿಗೆ 20 ಕಾರ್ಬನ್‌ಗಳ ಒಂದೊಂದು ಕೊಬ್ಬಿನ ಸರಪಳಿ ಸೇರುತ್ತದೆ. ಪ್ರೋಟೀನ್ ಪೊರೆಗೆ ಅಂಟಿ ನಿಲ್ಲುವುದು ಅದರಿಂದಲೇ. ಈ ಜೋಡಣೆಗೆ ಒಂದು ಕಿಣ್ವ ಬೇಕು, ಪ್ರೋಟೀನನ್ನು ಅದರ ಬಳಿಗೆ ಕರೆತರುವ ಬೆಂಗಾವಲೂ ಬೇಕು. ಆರ್‌ಇಪಿ-1 ಎಂಬ ಆ ಬೆಂಗಾವಲು ಕೆಟ್ಟವರಿಗೆ ಕೊರಾಯ್ಡರೀಮಿಯಾ ಬಂದು ದೃಷ್ಟಿ ನಿಧಾನವಾಗಿ ಹೋಗುತ್ತದೆ. ಇ. ಕೋಲೈನಲ್ಲಿ ಕಿಣ್ವವೂ ಇಲ್ಲ, ಬೆಂಗಾವಲೂ ಇಲ್ಲ.

ಹಾಗಾಗಿ ಬ್ಯಾಕ್ಟೀರಿಯಾದ ರ‍್ಯಾಬ್-5ಎ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪೊರೆಗೆ ಮಾತ್ರ ಅಂಟಿ ನಿಲ್ಲುವುದಿಲ್ಲ. ಸ್ಫಟಿಕ ಮಾಡಲು, ಜಿಟಿಪಿ ಒಡೆಯುವ ವೇಗ ಅಳೆಯಲು, ಸಹವರ್ತಿಗಳನ್ನು ಹಿಡಿಯಲು ಇದು ಅನುಕೂಲವೇ. ಪೊರೆಗಳ ಬೆಸುಗೆ ನೋಡಬೇಕೆಂದರೆ ಸಾಲದು. ಆಗ ಬಾಲದ ಜಾಗಕ್ಕೆ ಹಿಸ್ಟಿಡಿನ್ ಟ್ಯಾಗ್ ಇಟ್ಟು ನಿಕಲ್ ಹೊತ್ತ ಕೃತಕ ಪೊರೆಗೆ ಕಟ್ಟುತ್ತಾರೆ, ಇಲ್ಲವೇ ಕೀಟಕೋಶಗಳಲ್ಲಿ ಬೆಳೆಸಿ ಕೊಬ್ಬಿನ ಬಾಲವಿರುವುದನ್ನೇ ಪಡೆಯುತ್ತಾರೆ. ಎರಡನೆಯದು ದುಬಾರಿ, ಆದರೆ ಸಹಜಕ್ಕೆ ಹತ್ತಿರ.

ಇದರಿಂದ ತಿಳಿದದ್ದು

1999ರಲ್ಲಿ ಜೆರಿಯಲ್ ತಂಡ ಜಿಎಸ್‌ಟಿ-ರ‍್ಯಾಬ್-5 ಕಟ್ಟಿದ ಕಾಲಮ್ಮಿನ ಮೂಲಕ ದನದ ಮೆದುಳಿನ ಕೋಶದ್ರವ ಹರಿಸಿ 20ಕ್ಕೂ ಹೆಚ್ಚು ಸಹವರ್ತಿ ಪ್ರೋಟೀನುಗಳನ್ನು ಹಿಡಿಯಿತು. ಬಾಲವಿಲ್ಲದ ಪ್ರೋಟೀನಿನಿಂದಲೇ ಆದ ಕೆಲಸವಿದು. 2009ರಲ್ಲಿ ಅದೇ ತಂಡ 17 ಶುದ್ಧ ಪ್ರೋಟೀನುಗಳನ್ನು ಕೂಡಿಸಿ ಕೃತಕ ಪೊರೆಚೀಲಗಳನ್ನು ಬೆಸೆಯಿತು. ಅಲ್ಲಿ ಬೇಕಾದದ್ದು ಕೀಟಕೋಶದ ರ‍್ಯಾಬ್-5. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಜೀವಂತ ಕೋಶಗಳಲ್ಲೇ ನೋಡಿ, ಕ್ಲಾತ್ರಿನ್ ಎಂಬ ಪ್ರೋಟೀನಿನ ನೆರವಿಲ್ಲದ ದಾರಿಯಿಂದ ಒಳಬಂದ ಚೀಲಗಳೂ ವಿಂಗಡಣೆಯ ಎಂಡೋಸೋಮಿಗೆ ಬೆಸೆಯುವುದು ರ‍್ಯಾಬ್-5ರ ಮೂಲಕವೇ ಎಂದು 2006ರಲ್ಲಿ ತೋರಿಸಿತು.

ಜೆರಿಯಲ್ ತಂಡದ 2016ರ ಫಲಿತಾಂಶ ಇನ್ನೂ ಸ್ವಾರಸ್ಯಕರ. ಇಇಎ1 ಸುಮಾರು 200 ನ್ಯಾನೊಮೀಟರ್ ಉದ್ದದ ಸೆಟೆದ ಎಳೆ. ಅದರ ಒಂದು ತುದಿಯನ್ನು ಜಿಟಿಪಿ ಹಿಡಿದ ರ‍್ಯಾಬ್-5 ಮುಟ್ಟಿದೊಡನೆ ಇಡೀ ಎಳೆ ಸಡಿಲಗೊಂಡು ಮುದುಡುತ್ತದೆ, ದೂರದ ಚೀಲವನ್ನು ಎಂಡೋಸೋಮಿನ ಹತ್ತಿರಕ್ಕೆ ಎಳೆದುತರುತ್ತದೆ.