ಬರ್ಲಿನ್ ಸಂಸತ್ತಿನ ಗೋಡೆ ಬರಹ

ಪ್ರವಾಸಿ ತಾಣದ ಗೋಡೆ ಮೇಲೆ ಯಾರೋ ಹೆಸರು ಗೀಚಿದ್ರೆ ನಮಗೆ ಸಿಟ್ಟು ಬರುತ್ತೆ, ಅಲ್ವಾ? ಆದ್ರೆ ಜರ್ಮನಿಯ ಸಂಸತ್ ಭವನ, ಬರ್ಲಿನ್‌ನ ರೈಖ್‌ಸ್ಟಾಗ್‌ನಲ್ಲಿ ಅಂಥ ಗೀಚುಗಳನ್ನ ಗೈಡ್‌ಗಳೇ ಕರ್ಕೊಂಡು ಹೋಗಿ ತೋರಿಸ್ತಾರೆ.

1894ರಲ್ಲಿ ಉದ್ಘಾಟನೆಯಾದ ಈ ಭವನಕ್ಕೆ 1933ರ ಫೆಬ್ರವರಿ 27ರ ರಾತ್ರಿ ಬೆಂಕಿ ಬಿತ್ತು. ಅದನ್ನೇ ನೆಪ ಮಾಡಿಕೊಂಡ ಹಿಟ್ಲರ್ ಸರ್ಕಾರ, ಮರುದಿನವೇ ಜನರ ಮೂಲಭೂತ ಹಕ್ಕುಗಳನ್ನ ಅಮಾನತಿನಲ್ಲಿಟ್ಟಿತು. ಮುಂದಿನದ್ದು ಗೊತ್ತೇ ಇದೆ: ಯುದ್ಧ, ನರಮೇಧ, ಸೋಲು. 1945ರಲ್ಲಿ ಒಳಗೆ ನುಗ್ಗಿದ ಸೋವಿಯತ್ ಸೈನಿಕರು ಇದ್ದಿಲು, ಸೀಮೆಸುಣ್ಣ ಹಿಡಿದು ಗೋಡೆ ತುಂಬ ತಮ್ಮ ಹೆಸರು, ಊರು, ತಾರೀಕು ಬರೆದರು.

ಆಮೇಲಿನ ರಿಪೇರಿಯಲ್ಲಿ ಈ ಬರಹ ಹಲಗೆಗಳ ಹಿಂದೆ ಮರೆಯಾಯ್ತು. 1990ರ ದಶಕದಲ್ಲಿ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಭವನವನ್ನ ನವೀಕರಿಸುವಾಗ ಮತ್ತೆ ಕಣ್ಣಿಗೆ ಬಿತ್ತು. ‘ಅಳಿಸಿಬಿಡಿ’ ಅನ್ನೋ ಮಾತೂ ಬಂತು. ಅಶ್ಲೀಲವಾಗಿದ್ದದ್ದನ್ನ ತೆಗೆದು, ಎಷ್ಟೋ ಬರಹವನ್ನ ಹಾಗೇ ಉಳಿಸಿಕೊಂಡರು.

ಗೆದ್ದವರು ಸ್ಮಾರಕ ಕಟ್ಟೋದು ಮಾಮೂಲಿ. ಇಲ್ಲಿ ಸೋತ ದೇಶವೇ ಗೆದ್ದವರ ಕೈಬರಹ ಕಾಪಾಡ್ತಿದೆ. ಹಕ್ಕು ಕಿತ್ತುಕೊಂಡ ದಾರಿ ಎಲ್ಲಿಗೆ ಮುಟ್ಟಿತು ಅನ್ನೋದನ್ನ ಸಂಸದರು ಓಡಾಡೋ ಜಾಗದಲ್ಲೇ ಬರೆದಿಟ್ಟ ಹಾಗೆ.

ಪ್ರವೇಶ ಉಚಿತ. ಮೊದಲೇ ಹೆಸರು ನೋಂದಾಯಿಸಬೇಕು, ಗೋಡೆ ಮೇಲಲ್ಲ, ಆನ್‌ಲೈನ್‌ನಲ್ಲಿ!