ಉಪವಾಸದ ದುಡ್ಡು: ಆದಿ ಕ್ರೈಸ್ತಸಭೆಯ ಭಕ್ತಿಪದ್ಧತಿಗಳ ಒಂದು ಮರುಓದು

ಕ್ರಿ.ಶ. 303ರ ಮೇ 19ರಂದು ಉತ್ತರ ಆಫ್ರಿಕದ ಸಿರ್ತಾ ಪಟ್ಟಣದಲ್ಲಿ ನಗರಾಧಿಕಾರಿ ಮುನಾಶಿಯಸ್ ಫೆಲಿಕ್ಸ್ ತನ್ನ ಸಿಬ್ಬಂದಿಯೊಡನೆ ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದ. ಡಯೊಕ್ಲೀಶಿಯನ್ ಚಕ್ರವರ್ತಿಯ ಆಜ್ಞೆಯಂತೆ ಅವನಿಗೆ ಬೇಕಾಗಿದ್ದುದು ಧರ್ಮಗ್ರಂಥಗಳು. ಗ್ರಂಥದ ಕಪಾಟುಗಳು ಖಾಲಿಯಾಗಿದ್ದವು. ಸಿಕ್ಕಿದ್ದನ್ನೆಲ್ಲ ಗುಮಾಸ್ತರು ಪಟ್ಟಿ ಮಾಡಿದರು: ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ದೀಪಗಳು, ದೀಪಸ್ತಂಭಗಳು, ಆಮೇಲೆ ಹೆಂಗಸರ ಅಂಗಿ 82, ಮುಸುಕುವಸ್ತ್ರ 38, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಊಟದ ಕೋಣೆಯಲ್ಲಿ ದೊಡ್ಡ ದೊಡ್ಡ ಹರವಿಗಳಿದ್ದವು. ಈ ಜಪ್ತಿಪಟ್ಟಿ ನಮಗೆ ಉಳಿದು ಬಂದಿರುವುದು ಕಾನ್‌ಸ್ಟಂಟೈನನ ಕಾಲದಲ್ಲಿ, 320ರಲ್ಲಿ, ನಡೆದ ಒಂದು ವಿಚಾರಣೆಯ ಕಡತದೊಳಗೆ ಸೇರಿಕೊಂಡದ್ದರಿಂದ. ಅದನ್ನು ಬರೆದವರಿಗೆ ದೇವಶಾಸ್ತ್ರದ ಗೊಡವೆ ಇರಲಿಲ್ಲ. ಅದಕ್ಕೇ ಅದು ಅಮೂಲ್ಯ.

ಆದಿಸಭೆಗೆ ಮರಳಬೇಕೆಂಬ ಕರೆ ಕ್ರೈಸ್ತ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದ್ದಿದೆ. ಹಾಗೆ ಹೊರಟವರು ಹೆಚ್ಚಾಗಿ ಹುಡುಕಿದ್ದು ಆರಾಧನೆಯ ಕ್ರಮವನ್ನು. ಯಾವ ಪ್ರಾರ್ಥನೆ ಮೊದಲು, ದೀಕ್ಷಾಸ್ನಾನಕ್ಕೆ ಎಷ್ಟು ನೀರು, ರೊಟ್ಟಿ ಮುರಿಯುವವರು ಯಾರು, ಹಾಡು ಎಲ್ಲಿ ಎಂಬಂಥ ಪ್ರಶ್ನೆಗಳು ಅವರವು. ಮೊದಲ ಮೂರು ಶತಮಾನಗಳ ಆಧಾರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಈ ವಿಷಯಗಳಲ್ಲಿ ಒಮ್ಮತ ಕಾಣುವುದಿಲ್ಲ. ಒಮ್ಮತ ಕಾಣುವುದು, ಇಲ್ಲದವರಿಗೆಂದೇ ಬಟ್ಟೆ ಕೂಡಿಟ್ಟಂತಿರುವ ಸಿರ್ತಾದ ಉಗ್ರಾಣ ಸೂಚಿಸುವ ಕಡೆಯಲ್ಲಿ. ಪ್ರಾರ್ಥನೆ, ಉಪವಾಸ, ಭೋಜನ ಮೂರೂ, ಇಲ್ಲದವರ ಪಾಲನ್ನು ಲೆಕ್ಕಕ್ಕೆ ಹಿಡಿದೇ ನಡೆಯಬೇಕಿತ್ತು. ಆದಿಸಭೆ ಮಾದರಿಯೇ ಎಂದು ಕೇಳುವವರು ಮೊದಲು ಇದನ್ನು ನೋಡಬೇಕು ಎಂಬುದು ಈ ಲೇಖನದ ವಾದ.

ಕ್ರಮದ ವೈವಿಧ್ಯಕ್ಕೆ ದಿದಖೆ ಒಂದೇ ಸಾಕು. ಗ್ರೀಕ್ ಬಿಷಪ್ ಫಿಲೊಥಿಯೊಸ್ ಬ್ರಿಯೆನ್ನಿಯೊಸ್ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಒಂದು ಮಠದ ಗ್ರಂಥಾಲಯದಲ್ಲಿ ಕಂಡ ಹಸ್ತಪ್ರತಿಯಲ್ಲಿ ಈ ಕಿರುಹೊತ್ತಗೆ ಇತ್ತು. ಪ್ರತಿಯ ಕಾಲ 1056, ಅಚ್ಚಾದದ್ದು 1883ರಲ್ಲಿ. ಮೂಲಕೃತಿ ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದು ಎಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಕೊಡಿ, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ ಅದು. ಮುಳುಗಿಸುವುದೋ ಸುರಿಯುವುದೋ ಎಂದು ಮುಂದೆ ಸಭೆಗಳೇ ಒಡೆದುಹೋದದ್ದನ್ನು ನೆನೆದರೆ ಈ ನಿರಾಳತನ ಬೆರಗು ಹುಟ್ಟಿಸುತ್ತದೆ. ಅದರ ಭೋಜನದ ಪ್ರಾರ್ಥನೆಗಳಲ್ಲಿ ಪಾನಪಾತ್ರೆ ಮೊದಲು, ರೊಟ್ಟಿ ಆಮೇಲೆ. ಯೇಸುವಿನ ಕಡೆಯ ರಾತ್ರಿಯ ಮಾತುಗಳೇ ಅಲ್ಲಿಲ್ಲ. ಸುಮಾರು 155ರಲ್ಲಿ ರೋಮಿನಲ್ಲಿ ಹುತಾತ್ಮ ಯೂಸ್ತಿನ ವರ್ಣಿಸುವ ಭಾನುವಾರದ ಕೂಟದಲ್ಲಾದರೋ ಅಪೊಸ್ತಲರ ನೆನಪಿನ ಬರಹಗಳ ಓದು, ಅಧ್ಯಕ್ಷನ ಪ್ರಬೋಧನೆ, ನಿಂತು ಮಾಡುವ ಪ್ರಾರ್ಥನೆ, ಬಳಿಕ ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸ ಬರುತ್ತವೆ. ಇವೆಲ್ಲದರ ಹಿಂದೆ ಒಂದೇ ಮೂಲರೂಪವಿದೆಯೆಂದು ಗ್ರೆಗರಿ ಡಿಕ್ಸ್ 1945ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಾದಿಸಿದ್ದರು. 1992ರಲ್ಲಿ ಪಾಲ್ ಬ್ರ್ಯಾಡ್‌ಶಾ ಆ ನಂಬಿಕೆಯ ಬುಡವನ್ನೇ ಅಲುಗಿಸಿದರು: ಮೊದಲು ಇದ್ದದ್ದು ಊರೂರಿಗೆ ಬೇರೆಯಾದ ರೂಢಿ, ಏಕರೂಪ ಬಂದದ್ದು ಆಮೇಲೆ ಎಂದರು. ಆಧಾರಗಳು ಬ್ರ್ಯಾಡ್‌ಶಾ ಕಡೆಗೇ ವಾಲುತ್ತವೆ.

ಹಳೆಯ ಪಠ್ಯವನ್ನು ಮಾದರಿಯಾಗಿ ಹಿಡಿಯುವುದರ ತೊಡಕಿಗೆ ‘ಅಪೊಸ್ತಲಿಕ ಪರಂಪರೆ’ ಎಂಬ ಕೃತಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅದರ ಗ್ರೀಕ್ ಮೂಲ ಪೂರ್ತಿಯಾಗಿ ಸಿಕ್ಕಿಲ್ಲ. ಲ್ಯಾಟಿನ್, ಕಾಪ್ಟಿಕ್, ಅರಬ್ಬಿ, ಇಥಿಯೋಪಿಕ್ ರೂಪಗಳನ್ನು ಹೊಂದಿಸಿಕೊಂಡು ಓದಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡ್ವರ್ಡ್ ಶ್ವಾರ್ಟ್ಸ್ ಮತ್ತು ಆರ್. ಎಚ್. ಕಾನಲಿ ಇದು ರೋಮಿನ ಹಿಪ್ಪೊಲಿಟಸ್‌ನದು ಎಂದು ಗುರುತಿಸಿದರು. ಸುಮಾರು 215ರ ರೋಮಿನ ಆರಾಧನೆಯೇ ಕೈಗೆ ಸಿಕ್ಕಿತೆಂದು ಬಹುಮಂದಿ ನಂಬಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1968ರಲ್ಲಿ, ಅದರ ಪ್ರಾರ್ಥನೆಯನ್ನು ಆಧರಿಸಿ ಕಥೋಲಿಕ ಬಲಿಪೂಜೆಯ ಎರಡನೆಯ ಕೃತಜ್ಞತಾ ಪ್ರಾರ್ಥನೆ ರಚನೆಯಾಯಿತು. ಈಗಲೋ ಕರ್ತೃ, ಊರು, ಕಾಲ ಮೂರೂ ವಿವಾದಕ್ಕೊಳಗಾಗಿವೆ; ಹಲವು ಕೈಗಳು ಬೇರೆ ಬೇರೆ ಕಾಲದಲ್ಲಿ ಸೇರಿಸಿ ಬೆಳೆಸಿದ ಕೃತಿ ಅದೆಂಬ ಅಭಿಪ್ರಾಯ ಬಲವಾಗಿದೆ. ಪ್ರಾರ್ಥನೆ ಮಾತ್ರ ಲೋಕದ ಮೂಲೆಮೂಲೆಯಲ್ಲಿ ನಡೆದೇ ಇದೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಾಚೀನತೆಯ ಮುದ್ರೆಯೇ ಅದರ ಬಲವಾಗಿದ್ದರೆ ಆ ಮುದ್ರೆ ಅಳಿಸಿಹೋಗಿದೆ, ಅಷ್ಟೆ.

ಮತ್ತೊಂದು ಎಚ್ಚರಿಕೆ. ಇವುಗಳಲ್ಲಿ ಬಹುಪಾಲು ವಿಧಿಗ್ರಂಥಗಳು. ಹೀಗೆ ಮಾಡಿ ಎಂದು ಬರೆದವರ ಎದುರಿಗೆ ಹಾಗೆ ಮಾಡದವರು ಕೂತಿದ್ದರೆಂದೇ ತಿಳಿಯಬೇಕು. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ಕೂತಿದ್ದರಿಂದಲೇ ಪೌಲ ಕರ್ತನ ಭೋಜನದ ಬಗ್ಗೆ ಬರೆಯಬೇಕಾಯಿತು. ಪ್ರಾರ್ಥನೆ ಮುಗಿದ ಕೂಡಲೇ ಕುಕ್ಕರಿಸುವವರನ್ನು ಕಾರ್ಥೇಜಿನ ತೆರ್ತುಲ್ಲಿಯನ್ ಗದರಿಸುತ್ತಾನೆ. ಆದಿಸಭೆಯ ಮೊಣಕಾಲುಗಳೂ ನೋಯುತ್ತಿದ್ದವು.

ದಿನಚರಿಗೆ ಬರೋಣ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ದಿದಖೆ ವಿಧಿಸುತ್ತದೆ. ತೆರ್ತುಲ್ಲಿಯನ್ ಬೆಳಗು ಬೈಗುಗಳ ಪ್ರಾರ್ಥನೆಯ ಜೊತೆಗೆ ಹಗಲಿನ ಮೂರನೆಯ, ಆರನೆಯ, ಒಂಬತ್ತನೆಯ ಗಂಟೆಗಳನ್ನು ಸೂಚಿಸುತ್ತಾನೆ. ಆ ಕಾಲದ ಪಟ್ಟಣದ ವ್ಯವಹಾರವೆಲ್ಲ ಇದೇ ಗಂಟೆಗಳ ಮೇಲೆ ನಡೆಯುತ್ತಿತ್ತು. ಮೂಡಣಕ್ಕೆ ಮುಖಮಾಡಿ, ಕೈಚಾಚಿ, ನಿಂತು ಪ್ರಾರ್ಥಿಸುವುದನ್ನು ದೇವಶಾಸ್ತ್ರಜ್ಞ ಓರಿಗೆನ್ ಸಮರ್ಥಿಸುತ್ತಾನೆ. ಭಾನುವಾರ ಮೊಣಕಾಲೂರಬಾರದೆಂದು 325ರ ನಿಕೇಯ ಸಭೆ 20ನೆಯ ನಿಯಮವನ್ನೇ ಮಾಡಿತು. 321ರಲ್ಲಿ ಕಾನ್‌ಸ್ಟಂಟೈನ್ ರಜೆ ಘೋಷಿಸುವವರೆಗೆ ಭಾನುವಾರ ಉಳಿದ ದಿನಗಳಂತೆ ದುಡಿಮೆಯ ದಿನವಾಗಿತ್ತು. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿ ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಕ್ರೈಸ್ತರು ನಸುಕಿಗೆ ಮುಂಚೆ ಕೂಡುತ್ತಿದ್ದರೆಂದು ಹೇಳಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದಣಿಗಳ ಮನೆಯಲ್ಲಿ ದುಡಿಯುವ ದಾಸದಾಸಿಯರಿಗೆ ಬೇರೆ ಹೊತ್ತೇ ಇರಲಿಲ್ಲ. ಪ್ಲಿನಿ ಚಿತ್ರಹಿಂಸೆ ಕೊಟ್ಟು ವಿಚಾರಿಸಿದ್ದೂ ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರನ್ನೇ. ಕೂಟದಲ್ಲಿ ಕ್ರಿಸ್ತನನ್ನು ಕುರಿತು ಹಾಡುವುದಲ್ಲದೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ನಂಬಿ ಇಟ್ಟ ಒಡವೆಯನ್ನು ಇಲ್ಲವೆನ್ನುವುದಿಲ್ಲ ಎಂದು ಆಣೆ ಮಾಡುತ್ತಿದ್ದರೆಂಬುದು ಅವನ ವರದಿ.

ಹೆಂಗಸರ ಭಕ್ತಿಜೀವನದ ಅಪರೂಪದ ನೋಟವೊಂದು ತೆರ್ತುಲ್ಲಿಯನ್ ತನ್ನ ಹೆಂಡತಿಗೆ ಬರೆದ ಕೃತಿಯಲ್ಲಿದೆ. ಕ್ರೈಸ್ತನಲ್ಲದ ಗಂಡನನ್ನು ಕಟ್ಟಿಕೊಂಡರೆ ಏನೇನು ತೊಂದರೆ ಎಂದು ಅವನು ಪಟ್ಟಿ ಕೊಡುತ್ತಾನೆ: ಬಡವರ ಗುಡಿಸಲಿಗೆ ಹೋಗಿಬರಲು ಯಾವ ಗಂಡ ಬಿಟ್ಟಾನು, ರಾತ್ರಿಯ ಕೂಟಕ್ಕೆ ಯಾರು ಕಳಿಸಿಯಾನು, ಸೆರೆಮನೆಗೆ ನುಸುಳಿ ಹುತಾತ್ಮರ ಸಂಕೋಲೆಗೆ ಮುತ್ತಿಡಲು ಯಾರು ಒಪ್ಪಿಯಾರು, ನಡುರಾತ್ರಿ ಎದ್ದು ಪ್ರಾರ್ಥಿಸಿದರೆ ಮಾಟವೆಂದುಕೊಳ್ಳನೇ? ಬರೆದವನ ಉದ್ದೇಶ ಮದುವೆ ತಡೆಯುವುದು. ನಮಗೆ ಸಿಗುವುದು ಕಾರ್ಥೇಜಿನ ಕ್ರೈಸ್ತ ಹೆಂಗಸು ಮಾಡುತ್ತಿದ್ದ ಕೆಲಸಗಳ ವಿವರ. ಅದರಲ್ಲಿ ನಡುರಾತ್ರಿಯ ಪ್ರಾರ್ಥನೆಯೂ ಗುಡಿಸಲ ಭೇಟಿಯೂ ಒಂದೇ ಸಾಲಿನಲ್ಲಿವೆ.

ಉಪವಾಸದಲ್ಲಿ ಈ ನಂಟು ಇನ್ನೂ ಬಿಗಿ. ಕಪಟಿಗಳು ಸೋಮವಾರ ಗುರುವಾರ ಉಪವಾಸ ಮಾಡುತ್ತಾರೆ, ನೀವು ಬುಧವಾರ ಶುಕ್ರವಾರ ಮಾಡಿ ಎನ್ನುತ್ತದೆ ದಿದಖೆ. ಯೆಹೂದ್ಯ ನೆರೆಯವರಿಂದ ಬೇರೆಯಾಗುವ ಹಟ ಇಲ್ಲಿ ಢಾಳಾಗಿದೆ. ಎರಡನೆಯ ಶತಮಾನದ ಮಾದರಿಯನ್ನು ಇಡಿಯಾಗಿ ಎತ್ತಿಕೊಳ್ಳುವವರು ಈ ಕಹಿಯನ್ನೂ ಎತ್ತಿಕೊಳ್ಳಬೇಕಾಗುತ್ತದೆ. ರೋಮಿನಲ್ಲಿ ಅದೇ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಹೆರ್ಮಾಸನ ‘ಕುರುಬ’ದಲ್ಲಿ ದಾರಿಯೇ ಬೇರೆ. ಉಪವಾಸದ ದಿನ ರೊಟ್ಟಿ ನೀರು ಮಾತ್ರ ತೆಗೆದುಕೋ. ಅಂದು ಉಣ್ಣಬೇಕಾಗಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕ ಹಾಕು. ಆ ಹಣವನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಅಥೆನ್ಸಿನ ಅರಿಸ್ತೀದೆಸ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಮತ್ತೂ ಮುಂದಕ್ಕೆ ಹೋಗುತ್ತಾನೆ. ತಮ್ಮಲ್ಲಿ ಯಾರಿಗಾದರೂ ಅನ್ನವಿಲ್ಲದೆ, ಕೊಡಲು ತಮ್ಮಲ್ಲೂ ಹೆಚ್ಚಿಗೆ ಇಲ್ಲದಿದ್ದರೆ, ಎರಡು ಮೂರು ದಿನ ಎಲ್ಲರೂ ಉಪವಾಸವಿದ್ದು ಉಳಿಸಿ ಕೊಡುತ್ತಾರಂತೆ. ಇಲ್ಲಿ ಉಪವಾಸ ಮಾಡುವವರೂ ಬಡವರೇ. ಉಳ್ಳವರ ದಾನದ ಚೌಕಟ್ಟಿನಲ್ಲಿ ಇದನ್ನು ಕೂಡಿಸಲು ಬರುವುದಿಲ್ಲ.

ಇವು ಕ್ರೈಸ್ತರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತುಗಳಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಭಾನುವಾರದ ಕಾಣಿಕೆ ಅಧ್ಯಕ್ಷನ ಕೈಸೇರಿ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದವರಿಗೆ ಹೋಗುತ್ತಿತ್ತೆಂದು ಯೂಸ್ತಿನ ಹೇಳಿದರೆ ಅದು ವಕೀಲಿಕೆಯೂ ಇರಬಹುದು. ಆದರೆ ಅದೇ ಶತಮಾನದ ವಿಡಂಬನಕಾರ ಲೂಸಿಯನ್ ಕ್ರೈಸ್ತರ ಸ್ನೇಹಿತನಲ್ಲ. ಪೆರೆಗ್ರಿನಸ್ ಎಂಬ ಢೋಂಗಿ ಕ್ರೈಸ್ತನಾಗಿ ಸೆರೆಬಿದ್ದಾಗ ಮುದಿ ವಿಧವೆಯರೂ ಅನಾಥ ಮಕ್ಕಳೂ ಬೆಳಗಾಗುವ ಮುನ್ನವೇ ಸೆರೆಮನೆಯ ಬಾಗಿಲಲ್ಲಿ ಕಾಯುತ್ತಿದ್ದರು, ಮುಖಂಡರು ಕಾವಲುಗಾರರಿಗೆ ಲಂಚ ಕೊಟ್ಟು ಒಳಗೇ ಮಲಗುತ್ತಿದ್ದರು, ಊಟ ಬರುತ್ತಿತ್ತು, ಏಷ್ಯದ ಊರುಗಳಿಂದ ಸಭೆಯ ಖರ್ಚಿನಲ್ಲಿ ಜನ ಬಂದರು ಎಂದು ಅವನು ನಗುತ್ತ ಬರೆಯುತ್ತಾನೆ. 203ರಲ್ಲಿ ಕಾರ್ಥೇಜಿನಲ್ಲಿ ಸೆರೆಯಲ್ಲಿದ್ದ ಪೆರ್ಪೆತುವಾ ತನ್ನ ದಿನಚರಿಯಲ್ಲಿ ತೆರ್ತಿಯಸ್, ಪೊಂಪೋನಿಯಸ್ ಎಂಬ ಇಬ್ಬರು ಸಭಾಸೇವಕರು ಹಣ ತೆತ್ತು ತಮ್ಮನ್ನು ಕೆಲ ಹೊತ್ತು ಸೆರೆಮನೆಯ ಒಳ್ಳೆಯ ಭಾಗಕ್ಕೆ ಬಿಡಿಸಿದರೆಂದು ನೆನೆಯುತ್ತಾಳೆ. ಲೂಸಿಯನ್ನನ ನಗೆಗೂ ಪೆರ್ಪೆತುವಾಳ ನೆನಪಿಗೂ ತಾಳೆಯಾಗುತ್ತದೆ. ಕಾಣಿಕೆಯ ಹಣ ಲಂಚಕ್ಕೂ ಹೋಗುತ್ತಿತ್ತೆಂಬುದನ್ನು ಭಕ್ತಿಸಾಹಿತ್ಯ ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಮೊತ್ತಗಳೂ ಸಣ್ಣವಲ್ಲ. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವೊಂದನ್ನು ಚರಿತ್ರಕಾರ ಯೂಸೆಬಿಯಸ್ ಉಳಿಸಿಕೊಟ್ಟಿದ್ದಾನೆ. 46 ಮಂದಿ ಸಭಾಹಿರಿಯರು, 7 ಮಂದಿ ಸಭಾಸೇವಕರು. ಸಭೆಯ ಅನ್ನ ಉಣ್ಣುತ್ತಿದ್ದ ವಿಧವೆಯರು ಮತ್ತು ನಿರ್ಗತಿಕರು 1500ಕ್ಕೂ ಹೆಚ್ಚು. ಅದೇ ಕಾಲದ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ಒಂದು ಪತ್ರ ನನಗೆ ಈ ಇಡೀ ಸಾಮಗ್ರಿಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದೆ. ನಟನೊಬ್ಬ ಕ್ರೈಸ್ತನಾಗಿ ರಂಗಸ್ಥಳ ಬಿಟ್ಟಿದ್ದ. ಹೊಟ್ಟೆಪಾಡಿಗೆ ಬೇರೆಯವರಿಗೆ ನಟನೆ ಕಲಿಸುತ್ತಿದ್ದ. ಅವನು ಸಭೆಯಲ್ಲಿ ಉಳಿಯಬಹುದೇ ಎಂದು ಯೂಕ್ರೇಶಿಯಸ್ ಎಂಬ ಬಿಷಪ್ ಕೇಳಿದ. ಕೂಡದು ಎಂಬುದು ಸಿಪ್ರಿಯನ್‌ನ ಉತ್ತರ. ಆದರೆ ಉತ್ತರ ಅಲ್ಲಿಗೇ ನಿಲ್ಲುವುದಿಲ್ಲ: ಅವನಿಗೆ ಸಭೆಯ ಇತರ ಬಡವರಂತೆ ಸಾದಾ ಊಟ ಕೊಡಿ, ನಿಮ್ಮ ಸಭೆಗೆ ಶಕ್ತಿಯಿಲ್ಲದಿದ್ದರೆ ನಮ್ಮಲ್ಲಿಗೆ ಕಳಿಸಿ, ಅನ್ನ ಬಟ್ಟೆ ನಾವು ಕೊಡುತ್ತೇವೆ. ಕಸುಬು ಬಿಡಿಸಿದ ಸಭೆಯೇ ಅನ್ನದ ಹೊಣೆಯನ್ನೂ ಹೊರಬೇಕೆಂಬ ತರ್ಕ ಇದು. ವಿಗ್ರಹ ಕೆತ್ತುವವರು, ಖಡ್ಗಮಲ್ಲರು, ನಟರು ಕಸುಬು ಬಿಟ್ಟೇ ಬರಬೇಕೆನ್ನುವ ‘ಅಪೊಸ್ತಲಿಕ ಪರಂಪರೆ’ಯ ಕಟುವಾದ ಪಟ್ಟಿಯನ್ನು ಈ ಪತ್ರದ ಜೊತೆಗಿಟ್ಟು ಓದಬೇಕು.

ನಾಲ್ಕನೆಯ ಶತಮಾನದಲ್ಲಿ ಭಕ್ತಿ ಮತ್ತು ಹಂಚಿಕೆಯ ಈ ಹೆಣಿಗೆ ಸಡಿಲವಾಯಿತು. ಸಿರಿಯದ ದುರಾ-ಯೂರೊಪೊಸ್‌ನಲ್ಲಿ ಉತ್ಖನನದಿಂದ ಹೊರಬಂದ ಮನೆಸಭೆ, 256ರ ಸುಮಾರಿಗೆ ಊರೇ ನಾಶವಾದಾಗ ಮಣ್ಣಿನಡಿ ಸೇರಿದ್ದು, ಎಪ್ಪತ್ತರಷ್ಟು ಜನ ಹಿಡಿಯುವ ಕೋಣೆಯುಳ್ಳ ಸಾಮಾನ್ಯ ಮನೆ. ಕಾನ್‌ಸ್ಟಂಟೈನನ ಬಸಿಲಿಕಾಗಳಲ್ಲಿ ಒಟ್ಟಿಗೆ ಕೂತು ಉಣ್ಣುವುದು ಸಾಧ್ಯವಿರಲಿಲ್ಲ. ಲವೊದಿಕೀಯ ಸಭೆಯ ನಿಯಮಗಳು ಪ್ರಾರ್ಥನಾಲಯದೊಳಗೆ ಪ್ರೇಮಭೋಜನವೆಂಬ ಒಟ್ಟೂಟವನ್ನು ನಿಷೇಧಿಸಿದವು. ಹಾಗೆಂದು ದಾನ ನಿಲ್ಲಲಿಲ್ಲ. ಕ್ರೈಸ್ತರು ತಮ್ಮ ಬಡವರಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆಂದು ಹಳೆಯ ದೇವತೆಗಳ ಪಕ್ಷಪಾತಿ ಜೂಲಿಯನ್ ಚಕ್ರವರ್ತಿಯೇ 362ರಲ್ಲಿ ಗೊಣಗಿದ. ಸೆಸರೆಯದಲ್ಲಿ ಬೆಸಿಲ್ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯವನ್ನೇ ಕಟ್ಟಿಸಿದ. ದಾನ ಬೆಳೆಯಿತು, ಆದರೆ ಭೋಜನದ ಮೇಜಿನಿಂದ ದೂರ ಹೋಯಿತು.

ಅದನ್ನು ಮತ್ತೆ ಹತ್ತಿರ ತರಲು ನಡೆದ ಯತ್ನಗಳಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಭಕ್ತಸಮುದಾಯದ್ದು ಮುಖ್ಯ. ಅಲ್ಲಿ 1727ರ ಆಗಸ್ಟ್‌ನಲ್ಲಿ ಪ್ರೇಮಭೋಜನವೂ ದಿನದ ಇಪ್ಪತ್ನಾಲ್ಕು ಗಂಟೆಯ ಸರದಿ ಪ್ರಾರ್ಥನೆಯೂ ಶುರುವಾದವು. ಆಕ್ಸ್‌ಫರ್ಡ್‌ನಲ್ಲಿ ಬುಧವಾರ ಶುಕ್ರವಾರ ಉಪವಾಸ ಹಿಡಿದಿದ್ದ ಜಾನ್ ವೆಸ್ಲಿ ಪ್ರೇಮಭೋಜನವನ್ನು ಹೆರ್ನ್‌ಹುಟ್‌ನವರಿಂದ ಪಡೆದ. ನಮ್ಮ ನೆಲದಲ್ಲಿ ದಕ್ಷಿಣ ಭಾರತ ಸಭೆ 1947ರಲ್ಲಿ ಕೂಡಿಬಂದು, 1950ರಲ್ಲಿ ಮೊದಲು ಬಳಸಿದ ಕರ್ತನ ಭೋಜನದ ಕ್ರಮದಲ್ಲಿ ಯೂಸ್ತಿನನ ಕಾಲದ ಸಮಾಧಾನದ ಮುದ್ದು ಕೈಯಿಂದ ಕೈಗೆ ಸಾಗುವ ಸಮಾಧಾನವಾಗಿ, ಕೇರಳದ ಸುರಿಯಾನಿ ರೂಢಿಯ ದಾರಿಯಲ್ಲಿ, ಮರಳಿ ಬಂತು. ಹೆರ್ಮಾಸನ ಲೆಕ್ಕಕ್ಕೆ ಹತ್ತಿರ ಬಂದದ್ದು ಜರ್ಮನ್ ಕಥೋಲಿಕರು 1958ರಲ್ಲಿ ಆರಂಭಿಸಿದ, ತಪಸ್ಸುಕಾಲದ ಕಾಣಿಕೆಯಿಂದ ನಡೆಯುವ ನೆರವು ಸಂಸ್ಥೆ ಮಿಸೆರಿಯೊರ್.

ಸಿಪ್ರಿಯನ್ ಉತ್ತರಿಸಿದ್ದ ಪ್ರಶ್ನೆ ಮಾತ್ರ ಮಂಗಳೂರಿನಲ್ಲಿ ಅಕ್ಷರಶಃ ಎದುರಾಯಿತು. ವ್ಯುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೇರುಬಿಟ್ಟಿದ್ದ ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿಯ ಜೊತೆಗೆ ಮನೆ, ಗೇಣಿ, ಕಸುಬು ಕಳೆದುಕೊಂಡರು. ಮಿಷನ್ ಕೊಟ್ಟ ಉತ್ತರ ನೇಯ್ಗೆ, ಮುದ್ರಣ, 1865ರ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಉಚಿತ ಅನ್ನದ ಜಾಗಕ್ಕೆ ಕೂಲಿ ಬಂತು. 1859ರಲ್ಲೇ ಹುಟ್ಟಿದ ಮಿಷನ್ನಿನ ವ್ಯಾಪಾರ ಕಂಪನಿ ಲಾಭದ ಲೆಕ್ಕವನ್ನೂ ತಂದಿತು. ಕಾರ್ಥೇಜಿನ ಬಿಷಪ್ ನಟನಿಗೆ ಕೊಡಲೊಪ್ಪಿದ ಊಟಕ್ಕೂ ಜೆಪ್ಪುವಿನ ಬಟವಾಡೆಗೂ ಇರುವ ಅಂತರವನ್ನು ಅಳೆಯಬೇಕಾದರೆ ಬಲ್ಮಠದಲ್ಲಿರುವ ಮಿಷನ್ ದಾಖಲೆಗಳನ್ನು ಕೀರ್ತನೆಯ ಪುಸ್ತಕಗಳ ಪಕ್ಕದಲ್ಲಿಟ್ಟು ಓದಬೇಕು. ಕನ್ನಡ ಕ್ರೈಸ್ತ ಚರಿತ್ರೆ ಈವರೆಗೆ ಭಾಷೆ, ನಿಘಂಟು, ಮುದ್ರಣಗಳ ಸಾಧನೆಯನ್ನು ವಿವರವಾಗಿ ದಾಖಲಿಸಿದೆ; ಭಕ್ತಿಗೂ ಬಟವಾಡೆಗೂ ಇದ್ದ ನಂಟನ್ನು ಅಷ್ಟೇ ವಿವರವಾಗಿ ಕೇಳುವ ಕೆಲಸ ಬಾಕಿಯಿದೆ.